ಮೂರನೆಯ ತೊಲೆಯ ಕೆಳಗೆ

ನಿಮ್ಮ ನೆತ್ತಿಯ ಮೇಲಿರುವ ಭಾರವನ್ನು ಯಾರು ಕಲಸಿದರು, ಯಾವಾಗ ಕಲಸಿದರು, ಕಲಸುವ ಮುನ್ನ ಯಾರ ಮಾತನ್ನು ನಂಬಿದರು ಎಂದು ನೀವು ಒಮ್ಮೆಯಾದರೂ ವಿಚಾರಿಸಿದ್ದೀರಾ — ಇಲ್ಲ, ವಿಚಾರಿಸುವುದಿಲ್ಲ, ಒಳಗೆ ಬರುತ್ತೀರಿ, ಗೋಡೆಯ ಬಣ್ಣ ಚೆನ್ನಾಗಿದೆ ಎನ್ನುತ್ತೀರಿ, ಎಲೆ ಅಡಿಕೆ ಹಾಕಿಕೊಳ್ಳುತ್ತೀರಿ, ನಾಳೆ ಮುಂಜಾನೆಯೂ ಹಾಗೆಯೇ ಬರುವಿರಿ, ಇನ್ನೂರು ಜನ — ಧಣ್, ಘಣದ, ಆ ದೊಡ್ಡ ಸುತ್ತಿಗೆಯ ಪೆಟ್ಟು, ಇನ್ನೊಂದು, ಎರಡನೆಯ ತೊಲೆಯ ಕೊನೆಯ ಆಸರೆಗಂಬ ಸಡಿಲಿತು, ಆಸರೆ ಬಿಚ್ಚುವ ಲಕ್ಷ್ಮಪ್ಪ ಅದನ್ನು ತೋಳಿನಲ್ಲಿ ತಬ್ಬಿ ಮೆಲ್ಲಗೆ ನೆಲಕ್ಕೆ ಮಲಗಿಸಿದ, ತೊಲೆ ಅಲುಗಲಿಲ್ಲ, ಅಲುಗಲು ಕಾರಣವೂ ಇಲ್ಲ, ಎರಡನೆಯ ತೊಲೆ ಸರಿಯಾದ ತೊಲೆ, ಮೊದಲನೆಯದೂ ಸರಿಯಾದದ್ದು, ಮೊದಲ ಎರಡು ಲೆಕ್ಕಗಳನ್ನು ಸರಿಯಾಗಿ ಬಿಡಿಸಿದ ಹುಡುಗನಿಗೆ ಮೂರನೆಯದರಲ್ಲಿಯೂ ಓದದೆ ಅಂಕ ಹಾಕುವ ಶಿಕ್ಷಕರನ್ನು ನಾನು ಕಂಡಿದ್ದೇನೆ, ಮುಖಕ್ಕೆ ಮುಖ ಕೊಟ್ಟು ಖಂಡಿಸಿಯೂ ಇದ್ದೇನೆ, ಹಾಗೆ ಖಂಡಿಸಿಯೇ ಅಲ್ಲವೇ ಕುರ್ತಕೋಟಿಯ ಶಾಲೆಗೆ ರಾಜೀನಾಮೆ ಬರೆದುಕೊಟ್ಟು ಬಂದದ್ದು, ಇನ್ಸ್ಪೆಕ್ಟರರ ಸೋದರಳಿಯನ ಮಗನನ್ನು ಪಾಸು ಮಾಡಲಾರೆನೆಂದು, ಇಪ್ಪತ್ತೆರಡು ವರ್ಷದ ನೌಕರಿಯನ್ನು ಒಂದು ಹಾಳೆಯಲ್ಲಿ ಮುಗಿಸಿ, ಆ ಹೆಸರಿನಿಂದಲೇ ಈ ಕೆಲಸ ದೊರೆಯಿತು, ಸುಳ್ಳು ಹೇಳದ ಮನುಷ್ಯ ಬೇಕು ನನಗ, ಉಳದದ್ದು ಯಾರಾರ ಮಾಡ್ತಾರ, ಎಂದು ಅಂದಪ್ಪ ಸಾಹುಕಾರರು ನನ್ನನ್ನು ಕರೆಸಿದರು, ಬೆಟಗೇರಿಯ ದಾರಿಯಲ್ಲಿ ಅವರು ಕಟ್ಟಿಸುತ್ತಿರುವ ಈ ಹೊಸ ಹತ್ತಿ ಜಿನ್ನಿನ ಮೇಲ್ವಿಚಾರಣೆಗೆ, ಕೆಳಗೆ ಹೆಂಗಸರು ಹತ್ತಿ ಹಸನು ಮಾಡುವ ಪಡಸಾಲೆ, ಮೇಲೆ ಕಾಂಕ್ರೀಟಿನ ಹಾಸು, ಹಾಸಿನ ಮೇಲೆ ಬಿಗಿದು ಕಟ್ಟಿದ ಹತ್ತಿಯ ಅಂಡಿಗೆಗಳು, ಒಂದೊಂದೂ ನಾಲ್ಕು ಆಳಿನ ಭಾರ, ಎಲ್ಲವನ್ನೂ ಹೊರುವುದಕ್ಕೆ ಮೂರು ತೊಲೆಗಳು. ನಾಳೆ ನವೆಂಬರ ಒಂದು. ನಾಳೆ ನಾಡು ಒಂದಾಗುತ್ತದೆ, ಜಿನ್ನು ಆರಂಭವಾಗುತ್ತದೆ, ನಾಡಿದ್ದು ದೀಪಾವಳಿಯ ಅಮಾವಾಸ್ಯೆ, ಸಾಹುಕಾರರು ಮೂರು ಶುಭಗಳನ್ನು ಒಂದೇ ಮಾವಿನ ತೋರಣದಲ್ಲಿ ಕಟ್ಟಿದ್ದಾರೆ.

ಲಕ್ಷ್ಮಪ್ಪ ಬೆವರು ಒರೆಸಿಕೊಳ್ಳುತ್ತಿದ್ದಾನೆ, ನೀರು ಕುಡಿಯುತ್ತಾನೆ, ಆ ಬಳಿಕ ಮೂರನೆಯದಕ್ಕೆ ಬರುತ್ತಾನೆ, ಐದು ಕಂಬಗಳಿವೆ, ಪ್ರತಿಯೊಂದರ ಬುಡದಲ್ಲಿ ಎದುರುಬದುರಾಗಿ ಹೊಡೆದ ಎರಡು ಕಟ್ಟಿಗೆಯ ಬೆಣೆಗಳು — ಆದರೆ ಕ್ರಮವಾಗಿ ಹೇಳಬೇಕು, ಕ್ರಮ ತಪ್ಪಿ ಹೇಳಿದ ಸತ್ಯ ಅರ್ಧ ಸುಳ್ಳು ಎಂದು ಮಕ್ಕಳಿಗೆ ಕಲಿಸಿದವನು ನಾನೇ. ಅಕ್ಟೋಬರ ಐದು, ಶುಕ್ರವಾರ. ತುಂಗಭದ್ರೆಯ ಉಸುಕು ಮುಂಡರಗಿಯ ಕಡೆಯಿಂದ ಲಾರಿಯಲ್ಲಿ ಬರಬೇಕು, ಮಧ್ಯಾಹ್ನಕ್ಕೆ ಬರಬೇಕಾದದ್ದು ಇಳಿಹೊತ್ತಿಗೆ ಬಂದಿತು, ಹತ್ತು ವರ್ಷದ ಹಿಂದೆ ಹೊಳೆಯ ಆಚೆಯ ದಂಡೆ ಮದ್ರಾಸಿನದು, ಈಚೆಯದು ಮುಂಬಯಿಯದು, ಇತ್ತ ಶಿರಹಟ್ಟಿ ಲಕ್ಷ್ಮೇಶ್ವರಗಳು ಸಂಸ್ಥಾನಿಕರವು, ಉಸುಕಿಗೆ ಮಾತ್ರ ಯಾವ ಸರಕಾರವೂ ಇರಲಿಲ್ಲ, ಈ ಮಾತನ್ನು ನಾಳೆಯ ಭಾಷಣದಲ್ಲಿ ಹೇಳಬೇಕೆಂದು ಬರೆದುಕೊಂಡಿದ್ದೇನೆ, ಭಾಷಣವೂ ನನ್ನದೇ — ಲಾರಿ ತಡವಾಯಿತು, ಎರಡನೆಯ ತೊಲೆ ಮುಗಿಯಿತು, ಮೂರನೆಯದಕ್ಕೆಂದು ಒಂಬತ್ತು ಚೀಲ ಸಿಮೆಂಟನ್ನು ಜಲ್ಲಿಕಲ್ಲಿನ ಖಡಿ, ಉಸುಕಿನೊಡನೆ ನೀರು ಹಾಕಿ ಕಲಸಿ ಕಬ್ಬಿಣದ ತಗಡಿನ ಮೇಲೆ ರಾಶಿ ಮಾಡಿದ್ದರು, ಅಷ್ಟರಲ್ಲಿ ಹೊಂಬಳದ ಕೊನೆಯ ಬಸ್ಸಿನ ಹೊತ್ತಾಯಿತು, ಬುಟ್ಟಿ ಹೊರುವ ಹೆಂಗಸರು ಅರ್ಧಕ್ಕರ್ಧ ಆ ಊರಿನವರು, ಬುಟ್ಟಿ ಬೋರಲು ಹಾಕಿ ಹೊರಟು ನಿಂತರು. ಪರ್ಮಿಟ್ಟಿನ ಸಿಮೆಂಟು, ಎರಡು ತಿಂಗಳು ಧಾರವಾಡಕ್ಕೆ ಅಲೆದು ತಂದದ್ದು, ಚೆಲ್ಲುವ ಮಾತನ್ನು ಯಾರೂ ಆಡಲಾರರು. ಇಸಾಕ ಆಗ ನನ್ನ ಹತ್ತಿರ ಬಂದ. ಗಾರೆ ಕೆಲಸದವನು, ಲಕ್ಷ್ಮೇಶ್ವರದ ಗೌಂಡಿ, ಅರವತ್ತು ದಾಟಿದವನು, ಇವನ ತಂದೆ ಗಚ್ಚಿನಿಂದ ಕಟ್ಟಿದ ನೀರಿನ ತೊಟ್ಟಿ ಇಂದಿಗೂ ಹನಿ ಸೋರಿಲ್ಲವೆಂದು ಹೇಳುತ್ತಾರೆ, ಗಚ್ಚು ಎಂದರೆ ಸುಣ್ಣ, ಉಸುಕು, ಬೆಲ್ಲದ ನೀರು, ಎತ್ತು ಕಟ್ಟಿದ ಗಾಣದಲ್ಲಿ ಅರೆದದ್ದು, ಅದನ್ನು ರಾಶಿ ಹಾಕಿ ಒದ್ದೆ ಗೋಣಿತಟ್ಟು ಹೊದಿಸಿ ಒಂದು ರಾತ್ರಿ ಇಟ್ಟರೆ ಹಣ್ಣಾಗುತ್ತದೆ, ಮೂರು ರಾತ್ರಿ ಇಟ್ಟರೆ ಬೆಣ್ಣೆಯಾಗುತ್ತದೆ, ಮುಂಜಾನೆ ನೀರು ಚಿಮುಕಿಸಿ ಬಡಿದು ಮಿದಿದರೆ ಮೊದಲಿಗಿಂತ ಗಟ್ಟಿ, ಈ ಸೀಮೆಯ ಗೌಂಡಿಗಳೆಲ್ಲ ತಾತ ಮುತ್ತಾತಂದಿರ ಕಾಲದಿಂದ ಹಾಗೆಯೇ ಮಾಡಿದವರು, ಇಸಾಕ ಸಿಮೆಂಟು ಮುಟ್ಟಿ ಎರಡು ವರ್ಷವೂ ಆಗಿರಲಿಲ್ಲ, ಅದೂ ನೆಲಹಾಸಿಗೆ. ಆದರೂ ಅವನು ಕೇಳಿದ. ಇದನ್ನು ನಾನು ಮರೆಯಬಾರದು, ನೀವೂ ಮರೆಯಬಾರದು, ಅವನು ತನ್ನ ಪಾಡಿಗೆ ತಟ್ಟು ಹೊದಿಸಿ ಹೋಗಲಿಲ್ಲ, ತಲೆಯ ರುಮಾಲು ಬಿಚ್ಚಿ ಕೈಯಲ್ಲಿ ಹಿಡಿದುಕೊಂಡು ಕೇಳಿದ — ಮಾಸ್ತರ್ರ, ಇದನ್ನ ಗಚ್ಚಿನಂಗ ತಟ್ಟು ಹೊಚ್ಚಿ ಇಟ್ರ ಮುಂಜಾನಿಗೆ ನಡೀತೈತೇನ್ರಿ, ನಿಮಗ ಆ ಇಂಜಿನಿಯರ ಸಾಹೇಬ್ರು ಕಾಗದ ಕೊಟ್ಟಾರಲ್ಲ, ಅದರಾಗ ಏನ್ ಬರದೈತಿ ನೋಡ್ರಿ.

ಕಾಗದ ನನ್ನ ಕೋಟಿನ ಒಳಜೇಬಿನಲ್ಲಿತ್ತು. ಇಂಗ್ಲಿಷಿನಲ್ಲಿ ಟೈಪು ಮಾಡಿದ ಮೂರು ಹಾಳೆ. ನಾನು ಕನ್ನಡ ಏಳನೆಯ ಇಯತ್ತೆಯ ಮುಲ್ಕಿ ಪರೀಕ್ಷೆಯವನು, ಕನ್ನಡದಲ್ಲಿ ವ್ಯಾಕರಣ ಛಂದಸ್ಸು ಕೇಳಿ, ನಿದ್ದೆಯಲ್ಲಿಯೂ ಹೇಳುತ್ತೇನೆ, ಇಂಗ್ಲಿಷನ್ನು ಮನೆಯಲ್ಲಿ ಕುಳಿತು, ಬೆರಳಿಟ್ಟು, ಒಂದೊಂದು ಪದಕ್ಕೂ ಕೋಶ ತೆಗೆದು ಓದಬಲ್ಲೆ, ಮೊದಲ ಹಾಳೆ ಓದಿದ್ದೆ, ಎರಡನೆಯದನ್ನು ನಾಳೆ ಓದುವೆನೆಂದು ಮಡಚಿಟ್ಟಿದ್ದೆ, ಅದು ಇಪ್ಪತ್ತು ದಿನಗಳ ಹಿಂದಿನ ನಾಳೆ, ಅಲ್ಲಿ, ಬುಟ್ಟಿ ಬೋರಲು ಹಾಕಿದ ಮೂವತ್ತು ಹೆಂಗಸರ ಮುಂದೆ, ಲಕ್ಷ್ಮಪ್ಪನ ಮುಂದೆ, ಜೇಬಿನಿಂದ ಕಾಗದ ತೆಗೆದು ಬೆರಳಿಟ್ಟು ತೊದಲಬೇಕಾಗಿತ್ತು, ಅವರಲ್ಲಿ ರೇಣುಕವ್ವನೂ ಇದ್ದಳು, ಕುರ್ತಕೋಟಿಯವಳು, ಈಗ ಹೊಂಬಳದ ಸೊಸೆ, ನನ್ನ ಬಳಿ ಎರಡನೆಯ ಇಯತ್ತೆಯವರೆಗೆ ಓದಿದವಳು, ಆರು ವರ್ಷದವಳಿದ್ದಾಗ ಒಮ್ಮೆ ಎದ್ದು ನಿಂತು, ಎರಿ ಹೊಲ ಬ್ಯಾಸಗ್ಯಾಗ ಯಾಕ ಬಿರೀತಾವ್ರಿ, ಮಸಬ ಹೊಲ ಯಾಕ ಬಿರಿಯೂದಿಲ್ಲ, ಎಂದು ಕೇಳಿದಳು, ಕಪ್ಪು ಮಣ್ಣಿಗೂ ಕೆಂಪು ಮಣ್ಣಿಗೂ ಇರುವ ಭೇದ, ನನಗೆ ಗೊತ್ತಿರಲಿಲ್ಲ, ಪಾಠದಲ್ಲಿ ಇಲ್ಲದ್ದನ್ನು ಕೇಳಬಾರದು ಎಂದು ಗೋಡೆಗೆ ಮುಖ ಮಾಡಿ ನಿಲ್ಲಿಸಿದೆ, ಗಂಟೆ ಬಾರಿಸುವ ತನಕ ನಿಂತಿದ್ದಳು, ಇಪ್ಪತ್ತೆರಡು ವರ್ಷಗಳಲ್ಲಿ ಒಂದು ದಿನವೂ ಒಂದು ಮಗುವಿನ ಮುಂದೆಯೂ ನನಗೆ ಗೊತ್ತಿಲ್ಲ ಎಂಬ ವಾಕ್ಯವನ್ನು ನಾನು ಉಚ್ಚರಿಸಲಿಲ್ಲ, ಕರ್ತೃ ಕರ್ಮ ಕ್ರಿಯೆ ಎಲ್ಲ ಬಲ್ಲವನ ಬಾಯಿಗೆ ಎರಡು ಪದದ ವಾಕ್ಯ ಬರಲಿಲ್ಲ. ನಡೀತೈತಿ ತಗೊ ಇಸಾಕ, ಅಂದೆ. ಹಸ್ತವನ್ನು ಹೀಗೆ ಬೀಸಿ, ಅವಸರದಲ್ಲಿರುವವನಂತೆ. ಅವನು ರುಮಾಲನ್ನು ತಲೆಗೆ ಸುತ್ತಿಕೊಂಡು ಹೋಗಿ ತಟ್ಟು ನೆನೆಸಿದ. ರೇಣುಕವ್ವ ಬಸ್ಸಿಗೆ ಓಡುತ್ತ, ನಮ್ಮ ಮಾಸ್ತರಗ ಗೊತ್ತಿರಲಾರದ್ದು ಆ ದೇವರು ಇನ್ನ ಹುಟ್ಟಿಸಬೇಕವ್ವ, ಎಂದು ಗೆಳತಿಯರಿಗೆ ಹೇಳಿದ್ದು ಕೇಳಿಸಿತು, ನಕ್ಕರು, ನಾನೂ ನಕ್ಕೆ, ಅದನ್ನು ಹೊಗಳಿಕೆಯೆಂದು ತಿಳಿದೆ, ಮೂರನೆಯ ತೊಲೆ ಆ ನಗೆಯಲ್ಲಿ ಕಲಸಿದ್ದು.

ಮರುದಿನ ಮುಂಜಾನೆ ರಾಶಿ ಹೆಪ್ಪುಗಟ್ಟಿತ್ತು. ಇಸಾಕ ಗುದ್ದಲಿಯ ಹಿಂಬದಿಯಿಂದ ಬಡಿಸಿದ, ನೀರು ಹಾಕಿ ಮಿದಿಸಿದ, ಭಾಳ ಹಟಮಾರಿ ಐತಿ ಇದು, ಗಚ್ಚಿನಂಗ ಮೆತ್ತಗ ಮಾತು ಕೇಳವಲ್ಲದು, ಎಂದು ಗೊಣಗಿದ, ಆದರೂ ಅದು ಬಗ್ಗಿತು, ನೀರು ಕುಡಿದು ಕೆಸರಿನಂತಾಯಿತು, ಬುಟ್ಟಿಗಳು ಏರಿದವು, ತೊಲೆಯ ನಡುಭಾಗದ ಹಲಗೆಯ ಅಚ್ಚಿನಲ್ಲಿ, ಕಬ್ಬಿಣದ ಸಳಿಗಳ ಸುತ್ತ, ಅದೇ ಕೆಸರು ತುಂಬಿತು, ತುದಿಗಳಿಗೆ ಹೊಸದು ಕಲಸಿದರು, ಮೇಲೆ ಹಾಸು ಬಿತ್ತು, ಎಲ್ಲವೂ ಒಂದೇ ಬೂದು ಬಣ್ಣ. ಅವನ ಸೊಸೆ ಮೆಹಬೂಬಿ ದಿನಕ್ಕೆ ನಾಲ್ಕು ಸಲ ಬಾವಿಯಿಂದ ನೀರು ಹೊತ್ತು ತೊಲೆಗಳನ್ನು ನೆನೆಸುತ್ತಿದ್ದಳು, ಮೂರಕ್ಕೂ ಸಮಾನವಾಗಿ, ಮಕ್ಕಳಿಗೆ ಎಣ್ಣೆ ಹಚ್ಚಿ ಎರೆದಂತೆ. ಹದಿನೇಳರಂದು ನಾನು ಏಣಿ ಹತ್ತಿ ಸಣ್ಣ ಸುತ್ತಿಗೆಯಿಂದ ತಟ್ಟಿದೆ, ಮೊದಲನೆಯದು ಕಂಚಿನಂತೆ ನುಡಿಯಿತು, ಎರಡನೆಯದು ನುಡಿಯಿತು, ಮೂರನೆಯದು ತುದಿಯಲ್ಲಿ ನುಡಿಯಿತು, ನಡುವೆ ತಟ್ಟಿದಾಗ ಒದ್ದೆ ಮಣ್ಣಿನ ಗೋಡೆಗೆ ಗುದ್ದಿದ ಸದ್ದು, ಅಚ್ಚಿನ ಹಲಗೆ ಕಳಚಿದ್ದ ಒಂದು ಮಗ್ಗುಲಲ್ಲಿ ಕೀಲಿಕೈಯಿಂದ ಗೀರಿದೆ, ಬೂದಿಯಂತೆ ಪುಡಿ ಉದುರಿತು. ಆ ಸಂಜೆ ಕೋಶ ತೆಗೆದು ಎರಡನೆಯ ಹಾಳೆ ಓದಿದೆ. ನೀರು ಬೆರೆಸಿದ ಅರ್ಧ ಗಂಟೆಯೊಳಗೆ ಹಾಕಿ ಮುಗಿಸತಕ್ಕದ್ದು, ಒಮ್ಮೆ ಗಟ್ಟಿಯಾಗತೊಡಗಿದ್ದನ್ನು ಮತ್ತೆ ನೀರು ಹಾಕಿ ಉಪಯೋಗಿಸಕೂಡದು. ಇಷ್ಟೇ. ಸರಳ ವಾಕ್ಯಗಳು, ಒಂದೂ ಕಠಿಣ ಪದವಿರಲಿಲ್ಲ, ಕೋಶವೇ ಬೇಕಾಗಿರಲಿಲ್ಲ. ಸುಣ್ಣ ಕಾದಷ್ಟೂ ಬಲಿಯುತ್ತದೆ, ಸಿಮೆಂಟು ಕಾಯುವುದಿಲ್ಲ, ಸತ್ತ ಮೇಲೆ ಎಷ್ಟು ನೀರು ಬಿಟ್ಟರೂ ಕೆಸರೇ ಹೊರತು ಜೀವವಲ್ಲ, ಈ ಭೇದವನ್ನು ತಿಳಿಯದಿದ್ದುದು ಇಸಾಕನ ತಪ್ಪಲ್ಲ, ತಿಳಿದವನೆಂದು ಕೋಟು ಹಾಕಿಕೊಂಡು ನಿಂತವನ ತಪ್ಪು, ಇದನ್ನು ನಾನು ಸ್ಪಷ್ಟವಾಗಿ ಬರೆಯಬಲ್ಲೆ, ಶುದ್ಧವಾಗಿ ಬರೆಯಬಲ್ಲೆ, ಹೇಳಬೇಕಾದ ಬಾಯಿ ಮಾತ್ರ ಬೇರೆ ಯಾರದೋ ಆಗಿದೆ.

ಹೇಳಲಿಲ್ಲವೆಂದಲ್ಲ. ಅನ್ಯಾಯವಾಗಿ ನನ್ನನ್ನೇ ದೂಷಿಸಿಕೊಳ್ಳುವುದೂ ಒಂದು ಬಗೆಯ ಅಹಂಕಾರ. ಹೇಳಿದೆ, ಅರ್ಧ ಹೇಳಿದೆ. ಸಾಹುಕಾರರಿಗೆ ಮೊನ್ನೆ, ಮೂರನೆಯ ತೊಲೆಯ ಆಸರೆಗಳನ್ನು ಈಗಲೇ ತೆಗೆಯುವುದು ಬೇಡ, ಧಾರವಾಡದ ಇಂಜಿನಿಯರರು ಒಮ್ಮೆ ಬಂದು ನೋಡಲಿ ಎಂದೆ, ಏಕೆ ಎಂದು ಕೇಳಿದರು, ಶಾಸ್ತ್ರದ ಪ್ರಕಾರ ಎಂದೆ, ಅವರು ತಾಂಬೂಲದ ಬಾಯಲ್ಲಿ ನಕ್ಕರು, ಮಾಸ್ತರ, ಒಂದನೇ ತಾರೀಖಿಗೆ ಮುಂಬಯಿದವರು ಹೈದರಾಬಾದದವರು ಮೈಸೂರವರು ಎಲ್ಲಾರೂ ಒಂದಾಗ್ತಾರ, ನಿಮ್ಮ ಉಸುಕು ಖಡಿ ಇನ್ನ ಒಂದಾಗಿಲ್ಲೇನು, ಎಂದರು, ಸುತ್ತ ಇದ್ದವರು ಚಪ್ಪಾಳೆ ತಟ್ಟಿದರು, ಆ ಮಾತನ್ನು ಭಾಷಣದಲ್ಲಿ ಸೇರಿಸಿರೆಂದೂ ಹೇಳಿದರು, ಕಂಬ ನಿಂತಿದ್ದರೆ ಬಂದವರು ಕಟ್ಟಡಕ್ಕೆ ಊರುಗೋಲು ಕೊಟ್ಟಿದ್ದಾರೆ ಅನ್ನುವರಂತೆ, ನಾಳೆ ಮೇಲೆ ಅಂಡಿಗೆ ಒಟ್ಟಿ ತೋರಿಸಬೇಕಂತೆ, ಕೆಳಗೆ ಅರವತ್ತು ಹೆಂಗಸರನ್ನು ಸಾಲಾಗಿ ಕೂರಿಸಿ ಹತ್ತಿ ಹಸನು ಮಾಡಿಸಬೇಕಂತೆ, ಪಟ ತೆಗೆಯುವವನು ಹುಬ್ಬಳ್ಳಿಯಿಂದ ಬರುತ್ತಾನೆ. ಆಗ ಒಂದು ವಾಕ್ಯ ಸಾಕಾಗಿತ್ತು, ಸಾಹುಕಾರರೇ, ಓದದೆ ಹೇಳಿದೆ ಎಂದು, ಅದರ ಬದಲು ಶಾಸ್ತ್ರದ ಹೆಸರು ಹೇಳಿ ಬಂದೆ. ಇಸಾಕನಿಗೆ ನಿನ್ನೆ, ಬಾವಿಕಟ್ಟೆಯ ಮೇಲೆ, ಕಾಗದದಲ್ಲಿ ಹೀಗಿದೆ ಇಸಾಕ, ಅರ್ಧ ಗಂಟೆಯ ಮೇಲೆ ಇಟ್ಟದ್ದು ಕೆಲಸಕ್ಕೆ ಬಾರದಂತೆ ಎಂದೆ, ಕಾಗದದಲ್ಲಿ, ನೋಡಿ, ಕಾಗದವನ್ನು ಮುಂದೆ ನಿಲ್ಲಿಸಿ ನಾನು ಹಿಂದೆ ನಿಂತೆ. ಅವನು ಬೀಡಿಯನ್ನು ಕಟ್ಟೆಗೆ ಒತ್ತಿ ಆರಿಸಿದ. ಕಾಗದ ಬರದಾಂವ ನನ್ನ ಕೂಡ ಗಚ್ಚು ಮಿದ್ದಿಲ್ಲ ಮಾಸ್ತರ್ರ, ಅಂದ. ನೀವು ಅವತ್ತ ಕಾಗದ ಓದೇ ಹೂಂ ಅಂದೀರಿ, ಇವತ್ತ ಸಾಹುಕಾರ್ರು ಏನರ ಅಂದಾರಂತ ನಿಮಗ ಅಂಜಿಕಿ ಹತ್ತೇತಿ. ಅಂಜಬ್ಯಾಡ್ರಿ, ಕೆಳಗ ನಾ ಕುಂಡರ್ತೀನಿ.

ಕೆಳಗೆ ಅವನು ಕುಳಿತಿದ್ದಾನೆ. ಇದು ಗೌಂಡಿಗಳ ಪದ್ಧತಿ, ಪುಸ್ತಕದಲ್ಲಿಲ್ಲ, ನಾನು ಬಲ್ಲೆ, ಕಮಾನಿನ ಆಸರೆ ತೆಗೆಯುವಾಗ ಕಟ್ಟಿದವನು ಅದರ ಕೆಳಗೆ ಕುಳಿತು ರೊಟ್ಟಿ ತಿನ್ನಬೇಕು, ಇವನ ತಂದೆ ಲಕ್ಷ್ಮೇಶ್ವರದಲ್ಲಿ ಕುಳಿತಿದ್ದ, ಅಜ್ಜ ಶಿರಹಟ್ಟಿಯಲ್ಲಿ ಕುಳಿತಿದ್ದ, ಎದ್ದವನು ಗೌಂಡಿಯಲ್ಲ, ಎದ್ದ ಕೂಡಲೇ ಕೆಲಸ ಕೆಟ್ಟಿತೆಂದು ಊರು ತಿಳಿಯುತ್ತದೆ, ಮುಂದೆ ಅವನ ಕೈಗೆ ಯಾರೂ ಗಾರೆಯ ಥಾಪಿ ಕೊಡುವುದಿಲ್ಲ. ಮೊದಲ ತೊಲೆಯ ಕೆಳಗೆ ಒಂದು ರೊಟ್ಟಿ ತಿಂದ, ಎರಡನೆಯದರ ಕೆಳಗೆ ಒಂದು, ಈಗ ಬುತ್ತಿಯ ಬಟ್ಟೆಯನ್ನು ಎತ್ತಿಕೊಂಡು ಮೂರನೆಯದರ ನಡುವಿಗೆ ಬಂದು ಕಾಲು ಮಡಚಿ ಕುಳಿತ, ಸರಿಯಾಗಿ ಆ ನಡುವಿಗೆ, ಮೆಹಬೂಬಿ ಶೇಂಗಾ ಚಟ್ನಿಯ ಡಬ್ಬಿ ಹಿಡಿದು ಬದಿಯಲ್ಲಿ ಕುಳಿತಳು, ನೀನು ಹೋಗವ್ವ ಎಂದು ನಾನು ಅಂದರೆ, ಮಾವ ಕುಂತಲ್ಲೆ ನನಗೇನ ಆಗತೈತಿ, ಅಂದಳು. ಲಕ್ಷ್ಮಪ್ಪ ನನ್ನ ಕಡೆ ನೋಡುತ್ತಾನೆ, ನಾನು ಹೂಂ ಅನ್ನದೆ ಅವನು ಮೊದಲ ಪೆಟ್ಟು ಹಾಕುವಂತಿಲ್ಲ, ಅದು ಇಲ್ಲಿಯ ನಿಯಮ, ನಾನೇ ಮಾಡಿದ ನಿಯಮ, ನಾನು ಹೂಂ ಅನ್ನಲಿಲ್ಲ, ಬೇಡ ಎಂದೂ ಅನ್ನಲಿಲ್ಲ, ಅಂಗಳದಿಂದ ಸಾಹುಕಾರರು, ಮಾಸ್ತರ, ಹೊತ್ತಾತು, ಎಂದರು. ನಾನು ಎದ್ದೆ. ಹೋಗಿ ಅವನ ರಟ್ಟೆ ಹಿಡಿದು ಎಬ್ಬಿಸಿಕೊಂಡು ಬರುವುದು ಎಂದು ನಿಶ್ಚಯಿಸಿ ತೊಲೆಯ ಕೆಳಗೆ ನಡೆದೆ, ಏಳು ಇಸಾಕ, ಅಂದೆ, ಅವನು ಏಳಲಿಲ್ಲ, ಕುಂಡ್ರಿ ಮಾಸ್ತರ್ರ, ಎರಡು ತುತ್ತು ತಿನ್ರಿ, ಅಂದ, ಬಾಗಿದೆ, ಕಿವಿಯಲ್ಲಿ ನನಗೆ ಗೊತ್ತಿರಲಿಲ್ಲ ಎಂಬ ಆ ಎರಡು ಪದವನ್ನು ಹೇಳಲು ಬಾಗಿದೆ, ಮೊಣಕಾಲು ಊರಿತು, ಇಸಾಕ, ಅಂದೆ, ನೋಡು, ಅಂದೆ, ಅವನು ರೊಟ್ಟಿ ಮುರಿದು ನನ್ನ ಅಂಗೈಯಲ್ಲಿಟ್ಟ, ಬಿಳಿಯ ಜೋಳದ ಕಟಕ ರೊಟ್ಟಿ, ಆಗ ಅಂಗಳದಲ್ಲಿ ಒಂದು ಹರ್ಷದ ಗದ್ದಲ ಎದ್ದಿತು, ಏಕೆಂದು ತಿಳಿಯಲಿಲ್ಲ, ಆಮೇಲೆ ತಿಳಿಯಿತು, ಸಾಹುಕಾರರು ಹೇಳುತ್ತಿದ್ದರು, ನೋಡ್ರೆಪಾ, ಮಾಸ್ತರೂ ಕುಂತರು, ಸುಳ್ಳು ಹೇಳಲಾರದ ಮನುಷ್ಯಾ ಕುಂತ ಮ್ಯಾಲ ಇನ್ನ ಅಂಜಿಕಿ ಯಾತರದು, ಹೊಡಿ ಲಕ್ಷ್ಮಪ್ಪ. ನಾನು ಕುಳಿತಿದ್ದೆ. ಹೌದು, ಕುಳಿತಿದ್ದೆ. ಲಕ್ಷ್ಮಪ್ಪನಿಗೆ ನನ್ನ ಹೂಂ ದೊರಕಿತ್ತು, ಬಾಯಿ ಕೊಡದಿದ್ದುದನ್ನು ಮೊಣಕಾಲು ಕೊಟ್ಟಿತ್ತು.

ಬಂದರು. ಹೆಂಗಸರು ಬಂದರು. ಬಿಸಿಲಿನಲ್ಲಿ ತೋರಣದ ಎಲೆ ಕಟ್ಟುತ್ತಿದ್ದವರು, ಊಟದ ಹೊತ್ತು, ನೆರಳೆಂದರೆ ಈ ಹಾಸಿನದೊಂದೇ, ಇಷ್ಟು ಹೊತ್ತು ದೂರದ ಗೋಡೆಗೆ ಆತು ನಿಂತಿದ್ದರು, ಬುಟ್ಟಿ ಹೊತ್ತವರಿಗೂ ಒಳಗೊಳಗೆ ಹೆದರಿಕೆ ಇರುತ್ತದೆ, ನಾನು ಕುಳಿತದ್ದನ್ನು ಕಂಡು ಬುತ್ತಿಗಂಟು ಹಿಡಿದು ಒಳಗೆ ಬಂದರು, ರೇಣುಕವ್ವ ಎಲ್ಲರಿಗಿಂತ ಮುಂದೆ, ಸರೀರಿ ಮಾಸ್ತರ್ರ, ನಮಗೂ ಒಂದೀಟು ಜಾಗಾ ಕೊಡ್ರಿ, ಈಗೇನ ಗ್ವಾಡಿಗೆ ಮಾರಿ ಮಾಡಿ ನಿಂದರಸೂದಿಲ್ಲಲ್ಲ, ಎಂದು ನನ್ನ ಎದುರಿಗೆ ಕುಳಿತಳು, ನಕ್ಕರು, ಅವಳ ಕೈಬಳೆಗೆ ಹತ್ತಿಯ ಎಳೆ ಅಂಟಿದೆ, ಒಬ್ಬೊಬ್ಬರೂ ಗಂಟು ಬಿಚ್ಚುತ್ತಿದ್ದಾರೆ, ಹದಿನಾಲ್ಕು, ಹದಿನೈದು, ಪುಂಡಿಪಲ್ಯೆಯ ಹುಳಿ ವಾಸನೆ, ಉಳ್ಳಾಗಡ್ಡಿ ಗುದ್ದಿ ಒಡೆದ ಸದ್ದು — ಧಣ್. ನಡುವಿನ ಕಂಬ. ಲಕ್ಷ್ಮಪ್ಪ ಸರಿಯಾಗಿಯೇ ಮಾಡುತ್ತಿದ್ದಾನೆ, ನಡುವಿನಿಂದ ಆರಂಭಿಸಿ ಅಂಚಿಗೆ ಹೋಗಬೇಕೆಂದು ಮೊದಲ ಹಾಳೆಯಲ್ಲಿತ್ತು, ಅದನ್ನು ಓದಿ ಅವನಿಗೆ ಹೇಳಿಕೊಟ್ಟವನೂ ನಾನೇ. ಬೆಣೆ ಒಂದು ಬೆರಳಿನಷ್ಟು ಹೊರಗೆ ಬಂದಿತು. ಇಸಾಕ ಅದನ್ನು ನೋಡುವುದಿಲ್ಲ, ನಿಯಮದಂತೆ ನೋಡಬಾರದು, ರೊಟ್ಟಿಯನ್ನು ನೋಡುತ್ತಾನೆ, ಅದೇ ತುತ್ತನ್ನು ಮತ್ತೆ ಮತ್ತೆ ಅಗಿಯುತ್ತಾನೆ, ಅವನಿಗೆ ಅನುಮಾನ ಬಂದಿದೆ, ಬಂದೇ ಇದೆ, ಆ ಮುಂಜಾನೆಯ ಹಟಮಾರಿ ರಾಶಿ ಅವನ ಅಂಗೈಗೆ ನೆನಪಿರಲೇಬೇಕು, ಆದರೂ ನನ್ನ ಮಾತನ್ನು ಆತು ಕುಳಿತಿದ್ದಾನೆ, ಅವನ ಬೆನ್ನಿಗೆ ಬೇರೆ ಗೋಡೆ ಇಲ್ಲ. ಧಣ್. ಎರಡು ಬೆರಳು. ಇನ್ನು ನಾನು ಮಾತನಾಡಿದರೆ ಯಾರು ಕೇಳುತ್ತಾರೆ, ಕುಳಿತು ರೊಟ್ಟಿ ಹಿಡಿದವನು ಬೀಳುತ್ತದೆ ಎಂದರೆ ಪರಿಹಾಸ ಎನ್ನುವರು, ಇವರಿಗೆ ಮಾತು ತಿಳಿಯುವುದಿಲ್ಲ, ಇಲ್ಲ, ಸುಳ್ಳು, ಮಾತು ತಿಳಿಯುತ್ತಿತ್ತು, ಇಪ್ಪತ್ತಾರು ದಿನ ತಿಳಿಯುತ್ತಿತ್ತು, ಈಗ ತಿಳಿಯುವುದು ಒಂದೇ ಭಾಷೆ — ಕುಳಿತವನು ಏಳಬೇಕು. ಎದ್ದು ಓಡಬೇಕು. ಕೋಟು ಹಾಕಿದ ಮಾಸ್ತರ, ನಾಳೆಯ ಭಾಷಣಕಾರ, ರೊಟ್ಟಿ ಚೆಲ್ಲಿ, ಟೊಪ್ಪಿಗೆ ಬಿದ್ದು, ಜೀವದಾಸೆಯಿಂದ ಚೀರಿ ಅಂಗಳಕ್ಕೆ ಓಡಿದರೆ ಅರೆಗಳಿಗೆಯಲ್ಲಿ ಎಲ್ಲರೂ ಏಳುತ್ತಾರೆ, ಮೆಹಬೂಬಿ ಏಳುತ್ತಾಳೆ, ರೇಣುಕವ್ವ ಏಳುತ್ತಾಳೆ, ಬಹುಶಃ ಇಸಾಕನೂ, ಅವನಿಗಿಂತ ಮೊದಲು ಎದ್ದ ಅಪಕೀರ್ತಿ ನನ್ನದಾಗುತ್ತದೆ, ಅವನದಲ್ಲ, ಎಷ್ಟು ಸುಲಭ, ಎಷ್ಟು ನ್ಯಾಯ, ವ್ಯಾಖ್ಯಾನ ಪೂರ್ಣವಾಗಿದೆ, ಉದಾಹರಣೆ ಸಿದ್ಧವಿದೆ, ಧಣ್, ಬೆಣೆ ಅರ್ಧ ಹೊರಗೆ, ಕಂಬದ ತಲೆಯಿಂದ ಬೂದು ಪುಡಿ ರೇಣುಕವ್ವನ ಬುತ್ತಿಯ ಮೇಲೆ ಸಣ್ಣಗೆ ಉದುರಿತು, ಅವಳು ಊದಿ ಹಾರಿಸಿ ನನ್ನ ಮುಖ ನೋಡಿದಳು, ಪ್ರಶ್ನೆ ಕೇಳುವ ಮುಖ, ಏನ್ರಿ ಮಾಸ್ತರ್ರ ಇದು, ನಾನು ಹೇಳಬೇಕು, ಮೊಣಕಾಲು ಏಳುವುದಿಲ್ಲ, ನಾಲಗೆ ಏಳುವುದಿಲ್ಲ, ಬೆಣೆ ಅರ್ಧ ಹೊರಗೆ, ಲಕ್ಷ್ಮಪ್ಪ ಅಂಗೈಗೆ ಉಗುಳಿಕೊಂಡ, ಘಣ ಹಿಂದಕ್ಕೆ ಹೋಯಿತು, ಬೆಣೆ ಅರ್ಧ ಹೊರಗೆ, ಬೆಣೆ — ನೀವು ನೋಡುತ್ತ ನಿಂತಿದ್ದೀರಿ, ನಿಲ್ಲಬೇಡಿ, ಬನ್ನಿ, ನನ್ನ ಕೋಟಿನ ಕೊರಳಪಟ್ಟಿ ಹಿಡಿದು ಎಲ್ಲರೂ ಕಾಣುವಂತೆ ಹೊರಗೆ ಎಳೆದು ಹಾಕಿರಿ.